ಕಡಲ ಇಬ್ಬನಿಗೂ ಕೊಳೆರೋಗ

ಆಷಾಢದ ಒಂದು ಬೆಳಿಗ್ಗೆ ಎದುರು ಮನೆಯ ಅಕ್ಕ ಸೆರಗಿನ ಮರೆಯಲ್ಲಿ ಏನನ್ನೋ ಹಿಡಿದುಕೊಂಡು ಬಂದರು. ಮಗುವಿಗೆ ಜ್ವರ ಬಂದಾಗ ತಾಯಂದಿರ ಮುಖ ಹೇಗಿರುತ್ತದೋ ಹಾಗಿತ್ತು ಅವರ ಮುಖ. ಸೆರಗು ಸರಿಸಿ ತೋರಿಸಿದರೆ ರೋಸ್‌ಮರಿಯ ಒಂದು ರೆಂಬೆ. ಅರ್ಧ ಭಾಗ ಕಂದಾಗಿ, ಮುಟ್ಟಿದರೆ ಎಲೆ ಉದುರುವ ಹಾಗಿತ್ತು.

“ದಿನಾ ತಪ್ಪದೆ ನೀರು ಹಾಕ್ತಿದೀನಪ್ಪ. ಬೆಳಿಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು. ಆದ್ರೂ ಒಣಗ್ತಾ ಇದೆ. ಇನ್ನೂ ಜಾಸ್ತಿ ಹಾಕ್ಬೇಕಾ?”

ರೋಗ ಬೇರು ಕೊಳೆ ಎಂಬುದೂ ಅದರ ಕಾರಣವೂ ಆ ಮಾತಿನಲ್ಲೇ ಇದ್ದವು. “ಬೇಡ ಅಕ್ಕ, ಇವತ್ತು ನೀರು ಹಾಕಬೇಡಿ, ಬಂದು ನೋಡ್ತೀನಿ” ಎಂದೆ. ಅವರು ಹೋದ ಮೇಲೆ ರೆಂಬೆಯನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಕೂತೆ. ಒಣಗಿದ ಎಲೆಯನ್ನು ತಿಕ್ಕಿದರೂ ಪರಿಮಳ ಬರುತ್ತಿತ್ತು. ಅಷ್ಟು ಹೊತ್ತಿಗೆ ನನ್ನ ಮನಸ್ಸು ಬೆಂಗಳೂರಿನ ಮೂರನೇ ಮಹಡಿ ಬಿಟ್ಟು ಸಾಗರದ ಕಡೆಯ ನಮ್ಮ ಅಡಿಕೆ ತೋಟಕ್ಕೆ ಹೋಗಿಬಿಟ್ಟಿತ್ತು. ಕೊಳೆ ಎಂಬ ಮಾತು ಕಿವಿಗೆ ಬಿದ್ದರೆ ಮಲೆನಾಡಿನವರ ಮನಸ್ಸು ಹೋಗುವುದೇ ಅಲ್ಲಿಗೆ. ಆ ತೋಟಕ್ಕೆ ಆಮೇಲೆ ಬರುತ್ತೇನೆ. ಮೊದಲು ಈ ಗಿಡ ನಮ್ಮ ಬೀದಿಗೆ ಬಂದದ್ದು ಹೇಗೆಂದು ಹೇಳಬೇಕು.

ಕೆಲವು ವರ್ಷಗಳ ಹಿಂದೆ ರೋಸ್‌ಮರಿ ಎಂದರೆ ದೊಡ್ಡ ಹೋಟೆಲಿನ ಅಡುಗೆಯವರಿಗೆ ಮಾತ್ರ ಗೊತ್ತಿತ್ತು. ಈಗ ನಮ್ಮ ಬೀದಿಯಲ್ಲಿ ತುಳಸಿಕಟ್ಟೆ ಇಲ್ಲದ ಮನೆಯಲ್ಲೂ ರೋಸ್‌ಮರಿ ಕುಂಡ ಇದೆ. ಎಲ್ಲ ಕೂದಲಿನ ಸಲುವಾಗಿ. ಎಲೆ ಕುದಿಸಿದ ನೀರನ್ನು ತಲೆಗೆ ಚಿಮುಕಿಸಿಕೊಂಡರೆ ಕೂದಲು ಬರುತ್ತದೆ ಎಂಬ ಮಾತು ಮೊಬೈಲಿನಿಂದ ಮೊಬೈಲಿಗೆ ಹಾರಿ ಹಬ್ಬಿತು. ಇದಕ್ಕೆ ಬುಡವೇ ಇಲ್ಲವೆಂದಲ್ಲ. 2015ರಲ್ಲಿ ಇರಾನಿನ ವೈದ್ಯರು ತಲೆ ಬೋಳಾಗುತ್ತಿದ್ದ ನೂರು ಗಂಡಸರನ್ನು ಎರಡು ಗುಂಪು ಮಾಡಿ, ಒಂದಕ್ಕೆ ರೋಸ್‌ಮರಿ ಎಣ್ಣೆ, ಇನ್ನೊಂದಕ್ಕೆ ಶೇಕಡಾ 2ರ ಮಿನಾಕ್ಸಿಡಿಲ್ ಕೊಟ್ಟು ಆರು ತಿಂಗಳು ನೋಡಿದ್ದರು. ಎರಡೂ ಗುಂಪಿನಲ್ಲಿ ಕೂದಲು ಹೆಚ್ಚುಕಡಿಮೆ ಒಂದೇ ಮಟ್ಟಿಗೆ ಹೆಚ್ಚಿತ್ತು. ಆದರೆ ಅವರು ಹಚ್ಚಿದ್ದು ಎಣ್ಣೆ, ಕುದಿಸಿದ ನೀರಲ್ಲ. ಕೂದಲಿನ ವಿಷಯ ಇಲ್ಲಿಗೆ ಸಾಕು. ಕೂದಲಿಗಾಗಿ ಬಂದ ಗಿಡವನ್ನು ಆಮೇಲೆ ಗಿಡಕ್ಕಾಗಿಯೇ ಪ್ರೀತಿಸಲು ಕಲಿತವರನ್ನು ನಾನು ಕಂಡಿದ್ದೇನೆ, ಅಕ್ಕನೂ ಅವರಲ್ಲಿ ಒಬ್ಬರು.

ಹೆಸರು ಕೇಳಿದರೆ ರೋಜಾ ಹೂವೂ ಮೇರಿ ಮಾತೆಯೂ ನೆನಪಾಗುತ್ತಾರೆ. ಮೇರಿ ತನ್ನ ನೀಲಿ ಹೊದಿಕೆಯನ್ನು ಈ ಪೊದೆಯ ಮೇಲೆ ಹರವಿದಳು, ಅಂದಿನಿಂದ ಬಿಳಿ ಹೂ ನೀಲಿಯಾಯಿತು ಎಂಬ ಕಥೆಯೂ ಯುರೋಪಿನಲ್ಲಿದೆ. ಆದರೆ ಹೆಸರಿನ ಮೂಲ ಲ್ಯಾಟಿನ್. ರೋಸ್ ಎಂದರೆ ಇಬ್ಬನಿ, ಮರೀನಸ್ ಎಂದರೆ ಕಡಲಿನದು. ಕಡಲ ಇಬ್ಬನಿ! ಇಷ್ಟು ಚೆಂದದ ಹೆಸರಿನ ಗಿಡ ಇನ್ನೊಂದಿದೆಯೋ ಇಲ್ಲವೋ. ಲಿನೇಯಸ್ 1753ರಲ್ಲಿ ಇದನ್ನು ರೋಸ್‌ಮರೈನಸ್ ಅಫಿಸಿನಾಲಿಸ್ ಎಂದು ದಾಖಲಿಸಿದ. 2017ರಲ್ಲಿ ಸಸ್ಯಶಾಸ್ತ್ರಜ್ಞರು ವಂಶವಾಹಿ ನೋಡಿ ಇದು ಸಾಲ್ವಿಯಾ ಬಳಗದ್ದೇ ಎಂದು ತೀರ್ಮಾನಿಸಿ ಸಾಲ್ವಿಯಾ ರೋಸ್‌ಮರೈನಸ್ ಎಂದು ಕರೆದರು. ಇನ್ನೂ ಹಿಂದಕ್ಕೆ ಹೋದರೆ ನಮ್ಮ ತುಳಸಿ, ದೊಡ್ಡಪತ್ರೆ, ಪುದೀನ, ಕಾಮಕಸ್ತೂರಿ, ಮರುಗ, ತುಂಬೆ ಎಲ್ಲ ಇದರ ದಾಯಾದಿಗಳು. ಎಳೆಯ ಕಾಂಡವನ್ನು ಬೆರಳುಗಳ ನಡುವೆ ಉರುಳಿಸಿ ನೋಡಿ, ದುಂಡಗೆ ಉರುಳದೆ ಮೂಲೆ ಮೂಲೆಯಾಗಿ ತಡೆಯುತ್ತದೆ. ಈ ಕುಟುಂಬಕ್ಕೆ ಚೌಕ ಕಾಂಡ ಮನೆತನದ ಗುರುತು.

ನಾವು ಎಡವುವುದೂ ಈ ನೆಂಟಸ್ತನದಿಂದಲೇ. ತುಳಸಿಯ ಹಾಗೆ ಘಮಘಮಿಸುತ್ತದೆ, ಆದ್ದರಿಂದ ತುಳಸಿಗೆ ಎರೆದ ಹಾಗೆ ದಿನಾ ಒಂದು ಚೊಂಬು ಎರೆಯುತ್ತೇವೆ. ಆದರೆ ತುಳಸಿ ಮುಂಗಾರಿನ ಮಗಳು. ರೋಸ್‌ಮರಿಯ ತವರು ಸ್ಪೇನ್, ದಕ್ಷಿಣ ಫ್ರಾನ್ಸ್, ಇಟಲಿ, ಉತ್ತರ ಆಫ್ರಿಕಾದ ಅಂಚು, ಹೀಗೆ ಮೆಡಿಟರೇನಿಯನ್ ಕಡಲಿನ ಸುತ್ತಲ ಸುಣ್ಣಕಲ್ಲಿನ ಗುಡ್ಡಗಳು. ಅಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ. ಜೂನ್, ಜುಲೈ, ಆಗಸ್ಟ್‌ನಲ್ಲಿ ಸುಡುವ ಬಿಸಿಲು, ಮಳೆಯ ಸುಳಿವಿಲ್ಲ. ಬಿದ್ದ ನೀರೂ ಕಲ್ಲಿನ ಸಂದಿಯಲ್ಲಿ ಇಳಿದು ಹೋಗುತ್ತದೆ. ಆ ನೆಲದಲ್ಲಿ ಬದುಕುವುದಕ್ಕೆ ಗಿಡ ತನ್ನ ಎಲೆಯನ್ನು ಸೂಜಿಯಷ್ಟು ಕಿರಿದು ಮಾಡಿಕೊಂಡು, ಅಂಚನ್ನು ಕೆಳಕ್ಕೆ ಮಡಚಿ, ಅಡಿಗೆ ಬಿಳಿ ರೋಮದ ಕಂಬಳಿ ಹೊದ್ದಿದೆ. ಒಂದೊಂದು ಹನಿಯನ್ನೂ ಕಾಪಿಡುವ ಮೈಕಟ್ಟು ಅದು. ನಾವು ಕೊಡುವುದೇನು? ಅದರ ತವರು ಒಣಗಿರುವ ತಿಂಗಳುಗಳಲ್ಲೇ ನಮ್ಮಲ್ಲಿ ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳು ಸಾಲಾಗಿ ಬರುತ್ತವೆ. ಬೆಂಗಳೂರಿನಲ್ಲಂತೂ ಸೆಪ್ಟೆಂಬರ್, ಅಕ್ಟೋಬರ್‌ನ ಸಂಜೆ ಮಳೆ ಒಂದೇ ಗಂಟೆಯಲ್ಲಿ ಕುಂಡವನ್ನು ಕೆರೆ ಮಾಡಿಬಿಡುತ್ತದೆ.

ಹತ್ತಾರು ಕುಂಡ ಕಂಡ ಮೇಲೆ ನನಗೆ ಅನ್ನಿಸಿರುವುದು ಇಷ್ಟೇ: ನಮ್ಮಲ್ಲಿ ರೋಸ್‌ಮರಿಗೆ ಬರುವ ಕಾಯಿಲೆಗಳಲ್ಲಿ ಹೆಚ್ಚಿನವು ನೀರಿನ ಕಾಯಿಲೆಗಳು, ಅವುಗಳಲ್ಲಿ ಗಿಡವನ್ನು ಕೊಲ್ಲುವುದು ಬೇರು ಕೊಳೆ. ಬೇರು ಕೊಳೆತ ಗಿಡಕ್ಕೆ ನೀರು ಕುಡಿಯುವ ಬಾಯಿಯೇ ಇರುವುದಿಲ್ಲ. ಬುಡದಲ್ಲಿ ಕೆಸರು ತುಂಬಿದ್ದರೂ ತಲೆ ಬಾಯಾರಿ ಒಣಗುತ್ತದೆ. ನೋಡುವವರಿಗೆ ಬಾಯಾರಿಕೆ ಮಾತ್ರ ಕಾಣುತ್ತದೆ, ಇನ್ನೊಂದು ಚೊಂಬು ಸುರಿಯುತ್ತಾರೆ. ಇದಕ್ಕಿಂತ ನೋವಿನ ತಪ್ಪು ತಿಳಿವಳಿಕೆ ಗಿಡ ಸಾಕುವ ಕೆಲಸದಲ್ಲಿ ಬೇರೆ ಇಲ್ಲ. ಅದರ ಮೇಲೆ ರೋಸ್‌ಮರಿಯ ಎಲೆ ಬಿರುಸು. ತುಳಸಿಯಾದರೆ ಎಲೆ ಜೋತು ಬಿಟ್ಟು ಅಂದೇ ಹೇಳುತ್ತದೆ. ರೋಸ್‌ಮರಿ ಕೊನೆಯವರೆಗೂ ನೆಟ್ಟಗೆ ನಿಂತಿರುತ್ತದೆ. ತುದಿ ಮಂಕಾಗಿ, ಎಲೆ ಕಂದಾಗುವ ಹೊತ್ತಿಗೆ ನೆಲದೊಳಗೆ ಅರ್ಧ ಕೆಲಸ ಮುಗಿದಿರುತ್ತದೆ.

ಈಗ ತೋಟಕ್ಕೆ ಹೋಗೋಣ. ಮೃಗಶಿರಾ ಮಳೆ ಶುರುವಾಗುವ ಮೊದಲೇ ಅಪ್ಪಯ್ಯ ಗುದ್ದಲಿ ಹಿಡಿದು ಬಸಿಗಾಲುವೆಗೆ ಇಳಿಯುತ್ತಿದ್ದರು. ಆಳುಗಳು ಇದ್ದರೂ ಮೊದಲ ಗುದ್ದಲಿ ಅವರದೇ. “ನೀರು ನಿಂತಲ್ಲಿ ಅಡಿಕೆ ನಿಲ್ಲಲ್ಲ” ಎನ್ನುತ್ತಿದ್ದರು. ಆಮೇಲೆ ಕೊನೆಗಾರ ಬರುತ್ತಿದ್ದ. ಮೈಲುತುತ್ತ ಒಂದು ಬಾನಿಯಲ್ಲಿ, ಸುಣ್ಣ ಇನ್ನೊಂದರಲ್ಲಿ, ಎರಡನ್ನೂ ಬೆರೆಸಿದರೆ ಆಕಾಶದ ಬಣ್ಣದ ಬೋರ್ಡೋ ದ್ರಾವಣ. ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಹದ ಬಂತೋ ಇಲ್ಲವೋ ನೋಡುವುದಕ್ಕೆ ಉಜ್ಜಿದ ಚಾಕುವನ್ನು ಅದ್ದುತ್ತಿದ್ದರು. ಚಾಕುವಿನ ಮೇಲೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದು ಲೆಕ್ಕ. ಆ ಚಾಕುವನ್ನು ಹಿಡಿಯುವ ಕೆಲಸ ನಮಗೆ, ಮಕ್ಕಳಿಗೆ. ಕೊನೆಗಾರ ಮರದಿಂದ ಮರಕ್ಕೆ ಜೀಕಿ ಗೊನೆಗೆ ಮದ್ದು ಹೊಡೆಯುತ್ತಿದ್ದರೆ ಕೆಳಗೆ ನಿಂತ ನಮ್ಮ ತಲೆಯೆಲ್ಲ ನೀಲಿ. ಮದ್ದು ಬರುವುದಕ್ಕೂ ಮೊದಲು ಅಜ್ಜನ ಕಾಲದಲ್ಲಿ ಗೊನೆಗೆ ಕೊಟ್ಟೆ ಕಟ್ಟುತ್ತಿದ್ದರಂತೆ. ಮಳೆಯ ನೀರು ಗೊನೆಗೆ ತಾಗದಂತೆ ಕೊಡೆ ಹಿಡಿದ ಹಾಗೆ. ರೋಗಾಣು ಎಂಬ ಮಾತು ಕೇಳದ ಕಾಲದಲ್ಲೇ ನೀರೇ ಶತ್ರು ಎಂದು ಕಂಡುಕೊಂಡಿದ್ದರಲ್ಲ, ಆ ಕಣ್ಣಿಗೆ ನಾನು ಕೈ ಮುಗಿಯುತ್ತೇನೆ.

ಅಡಿಕೆ ಗೊನೆಯನ್ನು ಕೊಳೆಸುವ ಈ ಕೊಳೆರೋಗವನ್ನು ವೈಜ್ಞಾನಿಕವಾಗಿ ಅಭ್ಯಾಸ ಮಾಡಿದವರು ಲೆಸ್ಲಿ ಕೋಲ್ಮನ್. ಕೆನಡಾದವರು, 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದರು, ಮುಂದೆ ಇಲ್ಲಿನ ಕೃಷಿ ಇಲಾಖೆಯ ನಿರ್ದೇಶಕರಾದರು. ಅಡಿಕೆಯ ಕೊಳೆರೋಗದ ಮೇಲೆ ಅವರ ವರದಿ ಬಂದದ್ದು 1910ರಲ್ಲಿ. ರೋಗ ತರುವ ಜೀವಿ ಫೈಟಾಫ್ಥೊರ ಎಂಬ ಕುಲದ್ದೆಂದು ಗುರುತಿಸಿ, ಗೊನೆಗೆ ಬೋರ್ಡೋ ಹೊಡೆಯುವ ದಾರಿಯನ್ನು ಮಲೆನಾಡಿಗೆ ತೋರಿಸಿದರು. ಬೋರ್ಡೋ ಹುಟ್ಟಿದ್ದು ಫ್ರಾನ್ಸಿನ ದ್ರಾಕ್ಷಿ ಸೀಮೆಯಲ್ಲಿ. ದಾರಿಹೋಕರು ಹಣ್ಣು ಕೀಳದಿರಲಿ ಎಂದು ರಸ್ತೆ ಬದಿಯ ಬಳ್ಳಿಗಳಿಗೆ ರೈತರು ಮೈಲುತುತ್ತ, ಸುಣ್ಣ ಬಳಿಯುತ್ತಿದ್ದರು. 1882ರಲ್ಲಿ ಅಲ್ಲಿ ಓಡಾಡುತ್ತಿದ್ದ ಮಿಲಾರ್ಡೆ ಎಂಬ ಪ್ರಾಧ್ಯಾಪಕರಿಗೆ ಬಳಿದ ಬಳ್ಳಿಗಳಲ್ಲಿ ಮಾತ್ರ ಎಲೆ ಉಳಿದಿರುವುದು ಕಂಡಿತು. 1885ರಲ್ಲಿ ಅದನ್ನು ಪ್ರಕಟಿಸಿದರು. ಕಳ್ಳರಿಗೆಂದು ಬಳಿದದ್ದು ರೋಗವನ್ನು ತಡೆದಿತ್ತು, ಮುಂದೆ ನಮ್ಮ ಮನೆಯ ಅಡಿಕೆಯನ್ನೂ ಕಾಯಿತು.

ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗಲಾರೆ. 1876ರಲ್ಲಿ ಜರ್ಮನಿಯ ಆಂಟನ್ ಡೆ ಬಾರಿ, ಐರ್ಲೆಂಡಿನಲ್ಲಿ 1845ರಿಂದ ಆಲೂಗಡ್ಡೆಯನ್ನು ಕೊಳೆಸಿ ಭೀಕರ ಕ್ಷಾಮ ತಂದ ಜೀವಿಗೆ ಫೈಟಾಫ್ಥೊರ ಎಂದು ಹೆಸರಿಟ್ಟರು. ಗ್ರೀಕಿನಲ್ಲಿ ಹಾಗೆಂದರೆ ಸಸ್ಯನಾಶಕ. ಅದೇ 1876ರಲ್ಲಿ ಇಂಗ್ಲೆಂಡಿನ ಎಂ. ಸಿ. ಕುಕ್ ಮೈಸೂರು ಸೀಮೆಯ ಕಾಫಿ ಎಲೆಯನ್ನು ಕೊಳೆಸುವ ಒಂದು ಶಿಲೀಂಧ್ರಕ್ಕೆ ಪೆಲಿಕುಲೇರಿಯಾ ಕೊಳೆರೋಗ ಎಂದು ಹೆಸರು ಕೊಟ್ಟರು. ನಮ್ಮ ಕಾಫಿ ತೋಟದ ಆಳುಕಾಳುಗಳ ಬಾಯಿಯ ಕನ್ನಡ ಮಾತು ಹಾಗೆಯೇ ವಿಜ್ಞಾನದ ಪುಸ್ತಕ ಸೇರಿತು. ರೋಸ್‌ಮರಿಯ ರೆಂಬೆಗಳ ನಡುವೆ ಜೇಡರ ಬಲೆಯಂಥ ಎಳೆ ಹಬ್ಬಿಸಿ ಎಲೆ ಕೊಳೆಸುವ ರೈಜಾಕ್ಟೋನಿಯ, ಕಾಫಿಯ ಈ ಶಿಲೀಂಧ್ರಕ್ಕೆ ಹತ್ತಿರದ ಸಂಬಂಧಿ. ರೋಸ್‌ಮರಿಯ ಬೇರು ತಿನ್ನುವ ಫೈಟಾಫ್ಥೊರ, ಅಡಿಕೆಯ ಕೊಳೆಯ ಕುಲದ್ದೇ. ಕಡಲಾಚೆಯಿಂದ ಬಂದ ಗಿಡ ನಮ್ಮಲ್ಲಿ ಸಾಯುತ್ತಿರುವುದು ನಾವು ತಲೆಮಾರುಗಳಿಂದ ಬಲ್ಲ ರೋಗಗಳಿಂದ ಎಂದು ತಿಳಿದ ದಿನ ನನಗೆ ಆ ಗಿಡ ಪರಕೀಯವಾಗಿ ಉಳಿಯಲಿಲ್ಲ.

ಫೈಟಾಫ್ಥೊರ ನಿಜವಾದ ಶಿಲೀಂಧ್ರವೂ ಅಲ್ಲ. ಕಡಲಿನ ಕಂದು ಪಾಚಿಗಳಿಗೆ ಹತ್ತಿರದ್ದು. ಅದರ ಬೀಜಕಣಗಳಿಗೆ ಎರಡು ಬಾಲಗಳಿವೆ, ನೀರಿನಲ್ಲಿ ಈಜುತ್ತವೆ. ಮಣ್ಣಿನ ಕಣಗಳ ನಡುವೆ ನೀರು ತುಂಬಿಕೊಂಡಿದ್ದರೆ ಅವುಗಳಿಗೆ ಬೇರಿನವರೆಗೆ ಹೆದ್ದಾರಿ. ಅದೇ ಸಂದಿಗಳಲ್ಲಿ ಗಾಳಿ ಆಡುತ್ತಿದ್ದರೆ ಅವು ಇದ್ದಲ್ಲೇ ಬಿದ್ದಿರುತ್ತವೆ. ನೀರು ತುಂಬಿದ ಮಣ್ಣಿನಲ್ಲಿ ಬೇರಿಗೆ ಉಸಿರಾಟವೂ ಕಟ್ಟುವುದರಿಂದ ಎದುರಿಸುವ ಶಕ್ತಿಯೂ ಇರುವುದಿಲ್ಲ. ಹಾಗಾಗಿ ಇದಕ್ಕೆ ಮೊದಲ ಮದ್ದು ಬಸಿಗಾಲುವೆ. ಕುಂಡದಲ್ಲಾದರೆ ಕುಂಡದ ತೂತು.

ನನ್ನ ಮೊದಲ ರೋಸ್‌ಮರಿ ಹೋದದ್ದೂ ಹೀಗೆಯೇ. ನರ್ಸರಿಯೊಂದರಿಂದ ತಂದಾಗ ಸೊಂಪಾಗಿತ್ತು. ಕಪ್ಪು ಪ್ಲಾಸ್ಟಿಕ್ ಚೀಲದ ತುಂಬ ಬರೀ ಕೊಕೊಪೀಟ್. ಮಂಜಿನಂತೆ ನೀರು ಚಿಮುಕಿಸುವ ನೆರಳುಮನೆಯಲ್ಲಿ ಬೆಳೆದ ಗಿಡಕ್ಕೆ ಅದು ಸರಿ. ನಮ್ಮ ತಾರಸಿಯಲ್ಲಿ ಅದೇ ಕೊಕೊಪೀಟ್ ಒದ್ದೆ ಸ್ಪಂಜಿನ ಹಾಗೆ ವಾರಗಟ್ಟಲೆ ನೀರು ಹಿಡಿದುಕೊಂಡಿತು. ಮೇಲ್ಗಡೆ ಒಣಗಿದಂತೆ ಕಾಣುತ್ತಿತ್ತು, ನಾನು ಮತ್ತೆ ಹಾಕುತ್ತಿದ್ದೆ. ಅಕ್ಟೋಬರ್‌ನ ಮಳೆ ಬಂದು ಮೂರು ವಾರಕ್ಕೆ ಗಿಡ ಮುಗಿಯಿತು. ಕಿತ್ತು ನೋಡಿದಾಗ ಮೂಗಿಗೆ ಬಂದ ವಾಸನೆ ಕೊಳೆ ಅಡಿಕೆಯ ವಾಸನೆಯೇ. ಮಲೆನಾಡಿನಲ್ಲಿ ಹುಟ್ಟಿ ಬೆಳೆದೂ ಅಲ್ಲಿಯವರೆಗೆ ಅದು ಹೊಳೆದಿರಲಿಲ್ಲ ಎನ್ನುವುದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ.

ಅಂದಿನಿಂದ ಗಿಡ ಮನೆಗೆ ಬಂದ ವಾರದೊಳಗೆ ಆ ಚೀಲ ಬಿಡಿಸುತ್ತೇನೆ. ಬೇರಿನ ಸುತ್ತಲ ಕೊಕೊಪೀಟನ್ನು ಬೆರಳಿನಲ್ಲಿ ಮೆಲ್ಲಗೆ ಸಡಿಲಿಸಿ, ಮಣ್ಣಿನ ಕುಂಡಕ್ಕೆ ಬದಲಾಯಿಸುತ್ತೇನೆ. ಮಣ್ಣಿನ ಕುಂಡವೇ ಬೇಕು, ಅದರ ಮೈಯಿಂದ ನೀರು ಆವಿಯಾಗಿ ಹೋಗುತ್ತದೆ. ಕೆಮ್ಮಣ್ಣು ಒಂದು ಪಾಲು, ದಪ್ಪ ಮರಳು ಒಂದು ಪಾಲು, ಹಳೆಯ ಗೊಬ್ಬರ ಅರ್ಧ ಪಾಲು. ಗೊಬ್ಬರ ಜಾಸ್ತಿಯಾದರೆ ಗಿಡ ಮೆದುವಾಗಿ ಕೊಬ್ಬುತ್ತದೆ, ಮೆದು ಚಿಗುರಿಗೆ ರೋಗವೂ ಹುಳುವೂ ಬೇಗ ಹತ್ತುತ್ತವೆ. ಗೊಬ್ಬರಕ್ಕೆ ಟ್ರೈಕೊಡರ್ಮಾ ಪುಡಿ ಬೆರೆಸಿ, ಸ್ವಲ್ಪ ತೇವ ಮಾಡಿ, ನೆರಳಿನಲ್ಲಿ ಒಂದೆರಡು ವಾರ ಇಟ್ಟು ಬಳಸಿದರೆ ಒಳ್ಳೆಯದು. ಅದು ಕೆಡುಕು ಶಿಲೀಂಧ್ರಗಳನ್ನು ತಿಂದು ಬದುಕುವ ಒಳ್ಳೆಯ ಶಿಲೀಂಧ್ರ. ಆದರೆ ಅದು ಕಾವಲುಗಾರ. ಕೊಳೆತ ಬೇರನ್ನು ಬದುಕಿಸುವ ಶಕ್ತಿ ಅದಕ್ಕಿಲ್ಲ. ಒಂದು ಚಿಟಿಕೆ ಸುಣ್ಣ ಹಾಕಿದರೆ ಹುಳಿಮಣ್ಣಿಗೆ ಒಳಿತು, ಸುಣ್ಣಕಲ್ಲಿನ ನಾಡಿನ ಗಿಡವಲ್ಲವೇ.

ನೀರು ಯಾವಾಗ? ಇದಕ್ಕೆ ವಾರಕ್ಕೆ ಇಷ್ಟು ಸಲ ಎಂಬ ಲೆಕ್ಕ ಕೊಡಲಾರೆ. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ, ತೇವ ತಗುಲಿದರೆ ಬೇಡ. ಇನ್ನೂ ಸುಲಭವೆಂದರೆ ಕುಂಡ ಎತ್ತಿ ನೋಡುವುದು. ಒಣಗಿದ ಕುಂಡ ಹಗುರ, ಎರಡು ವಾರದಲ್ಲಿ ಕೈಗೆ ಆ ತೂಕ ಅಭ್ಯಾಸವಾಗುತ್ತದೆ. ಹಾಕಿದಾಗ ಮಾತ್ರ ತೂತಿನಿಂದ ಹರಿದು ಹೋಗುವಷ್ಟು ಹಾಕಬೇಕು, ಬುಡಕ್ಕೆ ಹಾಕಬೇಕು, ಬೆಳಿಗ್ಗೆಯೇ ಹಾಕಬೇಕು. ಕುಂಡದ ಕೆಳಗೆ ತಟ್ಟೆ ಇಡುವ ಅಭ್ಯಾಸವಿದ್ದರೆ ಅದರಲ್ಲಿ ನಿಂತ ನೀರನ್ನು ಆಗಲೇ ಚೆಲ್ಲಬೇಕು. ಮಳೆಗಾಲದಲ್ಲಿ ಕುಂಡ ಸೂರಿನಡಿಗೆ ಬರಲಿ, ಆದರೆ ಬಿಸಿಲು ತಪ್ಪದ ಕಡೆ. ದಿನಕ್ಕೆ ಐದಾರು ಗಂಟೆ ನೇರ ಬಿಸಿಲಿಲ್ಲದ ಬಾಲ್ಕನಿಯಲ್ಲಿ ಈ ಗಿಡ ಇಡಬೇಡಿ ಎಂದು ನಾನು ಯಾರಿಗಾದರೂ ನೇರವಾಗಿಯೇ ಹೇಳುತ್ತೇನೆ.

ಅಕ್ಕನ ಕುಂಡದ ಹತ್ತಿರ ಹೋದಾಗ ಮೊದಲು ಕಾಂಡದ ಸಿಪ್ಪೆಯನ್ನು ಉಗುರಿನಲ್ಲಿ ಕೆರೆದು ನೋಡಿದೆ. ಒಳಗೆ ಹಸಿರಿದ್ದರೆ ಜೀವ ಇದೆ. ಒಂದು ಕಡೆಯ ಎರಡು ರೆಂಬೆಗಳಲ್ಲಿ ಹಸಿರಿತ್ತು. ಗಿಡವನ್ನು ಮಣ್ಣಿನ ಸಮೇತ ಹೊರಗೆ ತೆಗೆದೆವು. ಗಟ್ಟಿಯಾದ, ಬಿಳಿಚು ಬಣ್ಣದ ಬೇರು ಆರೋಗ್ಯವಂತ ಬೇರು. ಕಂದಾಗಿದ್ದು, ಎರಡು ಬೆರಳಲ್ಲಿ ಹಿಡಿದು ಎಳೆದರೆ ಸಿಪ್ಪೆ ಕಳಚಿ ಒಳಗಿನ ದಾರ ಮಾತ್ರ ಉಳಿದರೆ ಅದು ಕೊಳೆತದ್ದು. ಮುಕ್ಕಾಲು ಪಾಲು ಹಾಗೇ ಕಳಚಿಕೊಂಡಿತು. ಅರ್ಧಕ್ಕಿಂತ ಹೆಚ್ಚು ಬೇರು ಗಟ್ಟಿಯಿದ್ದಿದ್ದರೆ ಕೊಳೆತದ್ದನ್ನು ಕತ್ತರಿಸಿ, ಮೇಲಿನ ರೆಂಬೆಗಳನ್ನೂ ಅದೇ ಅಳತೆಗೆ ಹಗುರ ಮಾಡಿ, ಹೊಸ ಮರಳುಮಣ್ಣಿನಲ್ಲಿ ನೆಟ್ಟು, ನಾಲ್ಕಾರು ದಿನ ನೆರಳಲ್ಲಿಟ್ಟು ನೋಡಬಹುದಿತ್ತು. ಹಳೆಯ ಮಣ್ಣನ್ನು ಬೇರೆ ಕುಂಡಕ್ಕೆ ಹಾಕಲೇಬಾರದು. ಕುಂಡವನ್ನು ತೊಳೆದು, ಬಿಸಿನೀರು ಹೊಯ್ದು, ಬಿಸಿಲಿಗಿಡಬೇಕು.

“ಅಂಗಡಿಯಲ್ಲಿ ಔಷಧಿ ಸಿಗುತ್ತಂತಲ್ಲ, ತಂದು ಹಾಕಲಾ?” ಎಂದು ಅಕ್ಕ ಕೇಳಿದರು. ಸಿಗುತ್ತದೆ. ತಾಮ್ರದ ಪುಡಿಯಿಂದ ಹಿಡಿದು ಗಿಡದ ಮೈಯೊಳಗೆ ಹರಿಯುವ ವಿಷದವರೆಗೆ ಎಲ್ಲವೂ ಸಿಗುತ್ತವೆ. ಹೊಲದಲ್ಲಿ ಬೆಳೆಯುವ ರೈತನ ಲೆಕ್ಕ ಬೇರೆ. ನೀಲಗಿರಿ ಬೆಟ್ಟಗಳಲ್ಲಿ ಇದನ್ನು ಎಕರೆಗಟ್ಟಲೆ ಬೆಳೆಯುತ್ತಾರೆ, ಅವರಿಗೆ ಹೇಳಿಕೊಡುವ ತಜ್ಞರಿದ್ದಾರೆ, ಮದ್ದು ಹೊಡೆದು ಎಷ್ಟು ದಿನಕ್ಕೆ ಕೊಯ್ಯಬೇಕೆಂಬ ಕಟ್ಟಳೆಯಿದೆ. ಮನೆಯ ಕುಂಡದ ಎಲೆಯನ್ನು ನಾವು ಇವತ್ತು ಚಿವುಟಿ ಆಲೂಗಡ್ಡೆ ಪಲ್ಯಕ್ಕೆ ಹಾಕುತ್ತೇವೆ, ಮಗುವಿನ ತಲೆಗೆ ಹಚ್ಚುತ್ತೇವೆ. ಆ ಎಲೆಗೆ ಒಳಹರಿಯುವ ವಿಷ ಬೇಡವೇ ಬೇಡ. ಅಂಥದ್ದು ಬೇಕಾಗುವಷ್ಟು ರೋಗ ಬಲಿತಿದ್ದರೆ ಗಿಡ ಬಿಟ್ಟು ಕಡ್ಡಿ ಉಳಿಸಿಕೊಳ್ಳುವುದೇ ಸರಿಯಾದ ದಾರಿ.

ಬೇರು ಕೊಳೆ ಬಿಟ್ಟರೆ ಎರಡನೆಯದು ಬೂದಿರೋಗ. ಇದರಲ್ಲಿ ಹುಸಿ ಭಯವೇ ಹೆಚ್ಚು. ಹೊಸದಾಗಿ ಗಿಡ ತಂದವರು ಎಲೆ ತಿರುಗಿಸಿ, ಅಡಿಯೆಲ್ಲ ಬೆಳ್ಳಗಿದೆಯಲ್ಲ, ಬೂದಿ ಬಂದಿದೆ ಎಂದು ಹೆದರುತ್ತಾರೆ. ಅದು ನಾನು ಆಗಲೇ ಹೇಳಿದ ರೋಮದ ಕಂಬಳಿ, ಹುಟ್ಟಿನಿಂದಲೇ ಇರುವುದು. ನಿಜವಾದ ಬೂದಿ ಕಾಣುವುದು ಎಲೆಯ ಮೇಲ್ಭಾಗದಲ್ಲಿ, ಎಳೆಯ ಕಾಂಡದ ಮೇಲೆ. ಬೆರಳಿನಿಂದ ಒರೆಸಿದರೆ ಅಕ್ಕಿಹಿಟ್ಟಿನಂತೆ ಬೆರಳಿಗೆ ಹತ್ತುತ್ತದೆ. ಬಿಟ್ಟರೆ ಎಲೆ ಹಳದಿಯಾಗಿ ಉದುರುತ್ತದೆ.

ಈ ರೋಗದ ಸ್ವಭಾವವೇ ವಿಚಿತ್ರ. ಬೇರೆ ಶಿಲೀಂಧ್ರಗಳಿಗೆ ಎಲೆಯ ಮೇಲೆ ನೀರು ಬೇಕು, ಇದಕ್ಕೆ ಬೇಡ. ಗಾಳಿಯಲ್ಲಿನ ತೇವವೇ ಸಾಕು. ಹಗಲು ಒಣಹವೆ, ರಾತ್ರಿ ತಂಪು ತೇವ, ನೆರಳು, ಇಕ್ಕಟ್ಟು, ಇಷ್ಟು ಸೇರಿದರೆ ಹಬ್ಬುತ್ತದೆ. ಬೆಂಗಳೂರಿನಲ್ಲಿ ದೀಪಾವಳಿ ಕಳೆದು ಶಿವರಾತ್ರಿಯವರೆಗಿನ ಹವೆ ಹೀಗೆಯೇ ಇರುತ್ತದೆ. ಇದಕ್ಕೆ ಮೊದಲ ಚಿಕಿತ್ಸೆ ಕತ್ತರಿ. ಬೂದಿ ಹಿಡಿದ ರೆಂಬೆಯನ್ನು ತೆಗೆದು, ನಡುವಿನ ಒತ್ತಾದ ರೆಂಬೆಗಳನ್ನು ಬಿಡಿಸಿ ಗಾಳಿಗೆ ದಾರಿ ಮಾಡಬೇಕು. ಆದರೆ ಎಲೆಯೇ ಇಲ್ಲದ ಹಳೆಯ ಕಟ್ಟಿಗೆಯವರೆಗೆ ಕತ್ತರಿಸಬಾರದು. ಗುಲಾಬಿಯಂತೆ ಅಲ್ಲಿಂದ ಮತ್ತೆ ಚಿಗುರುವ ಗಿಡ ಇದಲ್ಲ. ಒಂದು ಸಲಕ್ಕೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ತೆಗೆಯಬೇಡಿ.

ಆಮೇಲೆ ಹಾಲು. ಬ್ರೆಜಿಲಿನ ವ್ಯಾಗ್ನರ್ ಬೆಟಿಯೋಲ್ ಎಂಬ ವಿಜ್ಞಾನಿ 1999ರಲ್ಲಿ, ಸೌತೆಯ ಜಾತಿಯ ಗಿಡದ ಬೂದಿರೋಗಕ್ಕೆ ಹಸುವಿನ ಹಾಲನ್ನು ನೀರಿಗೆ ಬೆರೆಸಿ ಹೊಡೆದರೆ ರೋಗ ಹಿಡಿತಕ್ಕೆ ಬರುತ್ತದೆ ಎಂದು ಪ್ರಯೋಗ ಮಾಡಿ ತೋರಿಸಿದರು. ನಮ್ಮ ರೈತರು ಹುಳಿ ಮಜ್ಜಿಗೆಯನ್ನು ಹೊಡೆಯುವುದು ಇದಕ್ಕೆ ಹತ್ತಿರದ ದಾರಿ. ನಾನು ಒಂದು ಪಾಲು ಕೆನೆ ತೆಗೆದ ಹಾಲಿಗೆ ಒಂಬತ್ತು ಪಾಲು ನೀರು ಸೇರಿಸಿ, ಬಿಸಿಲಿರುವ ಬೆಳಿಗ್ಗೆ, ವಾರಕ್ಕೊಮ್ಮೆ ಸಿಂಪಡಿಸುತ್ತೇನೆ. ರೋಗ ಶುರುವಾದಾಗಲೇ ಮಾಡಿದರೆ ನಿಲ್ಲುತ್ತದೆ. ಹಬ್ಬಿಬಿಟ್ಟಿದ್ದರೆ ನೀರಲ್ಲಿ ಕರಗುವ ಗಂಧಕ, ಲೀಟರಿಗೆ ಎರಡು ಗ್ರಾಂ. ಗಂಧಕವನ್ನು ಸುಡುವ ಬಿಸಿಲಲ್ಲಿ ಹೊಡೆದರೆ ಎಲೆ ಸೀಯುತ್ತದೆ. ಬೇವಿನ ಎಣ್ಣೆ ಹೊಡೆದ ಎರಡು ವಾರದೊಳಗೂ ಹೊಡೆಯಬಾರದು. ಹೊಡೆದ ಮೇಲೆ ಆ ರೆಂಬೆಗಳನ್ನು ಕೆಲವು ವಾರ ಅಡುಗೆಗೆ ಮುಟ್ಟದೆ, ಆಮೇಲೂ ತೊಳೆದೇ ಬಳಸಬೇಕು.

ಉಳಿದವನ್ನು ಬೇಗ ಹೇಳುತ್ತೇನೆ. ಯುಗಾದಿಯ ಹೊತ್ತಿನ ಒಣ ಬಿಸಿಲಿನಲ್ಲಿ ಎಲೆಯ ಮೇಲೆ ಸೂಜಿ ಚುಚ್ಚಿದಂಥ ಬಿಳಿ ಚುಕ್ಕೆ ಕಂಡರೆ ನುಸಿ. ಬಿಳಿ ಕಾಗದದ ಮೇಲೆ ರೆಂಬೆ ಕೊಡವಿದರೆ ಕದಲುವ ಚುಕ್ಕೆಗಳು ಕಾಣುತ್ತವೆ. ಪೈಪಿನ ನೀರನ್ನು ರಭಸವಾಗಿ ಎಲೆಯಡಿಗೆ ಬಿಟ್ಟು ಎರಡು ಮೂರು ದಿನಕ್ಕೊಮ್ಮೆ ತೊಳೆದರೆ ಮುಗಿಯಿತು. ರೆಂಬೆಯ ಸಂದಿಯಲ್ಲಿ ಹತ್ತಿಯಂತೆ ಕೂತದ್ದು ಹಿಟ್ಟು ತಿಗಣೆ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ ತೆಗೆದು, ಲೀಟರ್ ನೀರಿಗೆ ಐದು ಎಂ.ಎಲ್. ಬೇವಿನ ಎಣ್ಣೆ, ಸ್ವಲ್ಪ ಸೋಪಿನ ನೀರು ಬೆರೆಸಿ ಸಂಜೆ ಹೊಡೆಯಿರಿ. ಜಡಿಮಳೆಯಲ್ಲಿ ತುದಿಗಳಿಗೆ ಬೂದುಬಣ್ಣದ ಬೂಷ್ಟು ಬಂದರೆ ಕತ್ತರಿಸಿ, ಗಾಳಿಗೆ ಇಡಿ. ಬುಡದಲ್ಲಿ ಗಂಟುಗಂಟಾದ ಗಡ್ಡೆ ಬೆಳೆದಿದ್ದರೆ ಅದು ಬ್ಯಾಕ್ಟೀರಿಯಾದ ಗಂಟುರೋಗ, ಔಷಧಿ ಇಲ್ಲ. ಮರುಗದೆ ಮಣ್ಣಿನ ಸಮೇತ ತೆಗೆದು ಎಸೆಯಬೇಕು, ಗೊಬ್ಬರದ ಗುಂಡಿಗೂ ಹಾಕಬಾರದು. ಅದನ್ನು ಮುಟ್ಟಿದ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸದೆ ಇನ್ನೊಂದು ಗಿಡಕ್ಕೆ ಹಾಕಬಾರದು.

ತವರಿನಲ್ಲೂ ಈ ಗಿಡಕ್ಕೆ ಈಗ ಕಷ್ಟವೇ. ಇಟಲಿಯ ತೆಂಕಣ ತುದಿಯ ಪುಲಿಯಾದಲ್ಲಿ 2013ರಲ್ಲಿ ಕಂಡುಬಂದ ಝೈಲೆಲ್ಲ ಎಂಬ ಬ್ಯಾಕ್ಟೀರಿಯಾ ಶತಮಾನಗಳ ಹಳೆಯ ಆಲಿವ್ ಮರಗಳನ್ನು ಒಣಗಿಸಿತು. ಅದು ರೋಸ್‌ಮರಿಯ ಮೈಯಲ್ಲೂ ನೆಲೆಸುತ್ತದೆ. ರಸ ಹೀರುವ ಸಣ್ಣ ಕೀಟವೊಂದು ಗಿಡದಿಂದ ಗಿಡಕ್ಕೆ ಅದನ್ನು ಒಯ್ಯುತ್ತದೆ. ಹೊರದೇಶಕ್ಕೆ ಹೋಗಿ ಬರುವ ನಮ್ಮವರು ನೆನಪಿಗೆಂದು ಒಂದು ಕಡ್ಡಿಯನ್ನು ಪೆಟ್ಟಿಗೆಯಲ್ಲಿಟ್ಟು ತರುವುದುಂಟು. ದಯವಿಟ್ಟು ತರಬೇಡಿ. ಕಡ್ಡಿ ಇಲ್ಲೇ ಬೇಕಾದಷ್ಟು ಸಿಗುತ್ತದೆ.

ಉಡುಪಿಯಲ್ಲಿರುವ ನನ್ನ ತಂಗಿ ಎರಡು ವರ್ಷದಲ್ಲಿ ನಾಲ್ಕು ರೋಸ್‌ಮರಿ ಕಳೆದುಕೊಂಡಳು. ಕರಾವಳಿಯ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಗಾಳಿಯಲ್ಲಿ ಒರೆಸಿದಷ್ಟೂ ತೇವ, ಅಲ್ಲಿ ಸೂರಿನಡಿ ಇಟ್ಟರೂ ಸಾಲದು. “ಇದನ್ನು ಬಿಡು ಮಾರಾಯ್ತಿ, ದೊಡ್ಡಪತ್ರೆ ಬೆಳೆಸು, ತಂಬುಳಿ ಮಾಡು” ಎಂದೆ. ಹುಬ್ಬಳ್ಳಿ, ವಿಜಯಪುರದ ಕಡೆಯವರಿಗೆ ಒಣಹವೆಯ ಅನುಕೂಲವಿದೆ, ಆದರೆ ಅಲ್ಲಿನ ಎರೆಮಣ್ಣು ನೀರು ಹಿಡಿದರೆ ಬಿಡುವುದಿಲ್ಲ. ಆದ್ದರಿಂದ ನೆಲಕ್ಕೆ ನೆಡದೆ ಮರಳು ಬೆರೆಸಿದ ಕುಂಡದಲ್ಲಿ ಇಡಬೇಕು. ಬೆಂಗಳೂರು, ಮೈಸೂರು, ಕೋಲಾರ, ಹಾಸನದ ಬಯಲಿನವರು ಮಳೆಯಿಂದ ಕಾಪಾಡಿದರೆ ಗಿಡ ವರ್ಷಗಟ್ಟಲೆ ಬಾಳುತ್ತದೆ. ನಮ್ಮ ತಾರಸಿಯಲ್ಲಿರುವುದಕ್ಕೆ ಈಗ ಆರು ವರ್ಷ.

ಅಕ್ಕನ ಗಿಡದ ಆ ಎರಡು ಹಸಿರು ರೆಂಬೆಗಳ ತುದಿಯಿಂದ, ಹೂವಿಲ್ಲದ, ತೀರ ಎಳೆಯದೂ ಅಲ್ಲದ ನಾಲ್ಕು ಬೆರಳುದ್ದದ ಮೂರು ಕಡ್ಡಿ ಕತ್ತರಿಸಿದೆವು. ಕೆಳಗಿನ ಅರ್ಧದ ಎಲೆಗಳನ್ನು ಬಿಡಿಸಿ, ತೊಳೆದ ಮರಳು ತುಂಬಿದ ಲೋಟಗಳಲ್ಲಿ ನೆಟ್ಟೆವು. ಲೋಟದ ಅಡಿಗೆ ಕಾಯಿಸಿದ ಮೊಳೆಯಿಂದ ಅಕ್ಕನೇ ತೂತು ಮಾಡಿದರು. ಬಿಸಿಲು ನೇರ ಬೀಳದ ಕಿಟಕಿಯಲ್ಲಿಟ್ಟು, ಮರಳು ಆರಿದಾಗ ಮಾತ್ರ ಒಂದು ಚಮಚ ನೀರು. ಆರನೇ ವಾರ ಮೆಲ್ಲಗೆ ಎಳೆದು ನೋಡಿದಾಗ ಎರಡು ಕಡ್ಡಿಗಳು ಮರಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದವು. ಒಂದನ್ನು ಅಕ್ಕ ನನಗೆ ಕೊಟ್ಟರು, ಒಂದನ್ನು ತಮ್ಮ ಮಣ್ಣಿನ ಕುಂಡದಲ್ಲಿ ನೆಟ್ಟುಕೊಂಡರು. ಚೊಂಬು ತುಳಸಿಕಟ್ಟೆಯ ಬಳಿಗೆ ಹೋಯಿತು.

ನಿಮ್ಮ ಮನೆಯಲ್ಲೂ ರೋಸ್‌ಮರಿ ಇದ್ದರೆ ಮುಂದಿನ ಸಲ ನೀರು ಹಾಕುವ ಮೊದಲು ಒಮ್ಮೆ ಕುಂಡ ಎತ್ತಿ ನೋಡಿ. ಭಾರವಾಗಿದ್ದರೆ ಹಾಗೇ ಕೆಳಗಿಡಿ, ತಟ್ಟೆಯ ನೀರು ಚೆಲ್ಲಿ. ಗಿಡ ಚೆನ್ನಾಗಿರುವಾಗಲೇ ಎರಡು ಕಡ್ಡಿ ನೆಟ್ಟುಕೊಳ್ಳಿ.